ಜವಳಿ ಹೆಣ್ಣುಮಕ್ಕಳನ್ನ ಒಂದೇ ಸೆಕ್ಷನ್‌ನಾಗ ಕೂಡ್ರಿಸ್ಲೋ, ಬ್ಯಾರೆ ಮಾಡ್ಲೋ? ಅನುಭವ ಇದ್ದವರು ಹೇಳ್ರಿ

ಅವಳಿ ಅವ್ವ, ಕಲಬುರಗಿ:
ಎಲ್ಲಾರಿಗೂ ನಮಸ್ಕಾರ್ರಿ. ನನ್ನವು ಜವಳಿ ಹೆಣ್ಣು, ಒಂದೇ ರೂಪ, ಒಂದೇ ಎತ್ತರ. ಜೂನ್ 1ಕ್ಕೆ 6 ವರ್ಷ ತುಂಬಿ ಒಂದನೇತ್ತಾ ಸೇರ್ತಾವ. ಮನ್ನಿ ದೊಡ್ಡ ಟೀಚರು ಕರಿಸಿ, ಒಬ್ಬಾಕಿ ಎ ಸೆಕ್ಷನ್, ಇನ್ನೊಬ್ಬಾಕಿ ಬಿ ಸೆಕ್ಷನ್ ಅಂದ್ರು. ಅವರು ಹೇಳೂದ್ರಾಗ ಖರೇನೂ ಅದ. ಸಣ್ಣಾಕಿ ಸಾಲ್ಯಾಗ ಬಾಯಿ ಬಿಡೂದಿಲ್ಲ. ನಿನ್ನ ಹೆಸರೇನವ್ವಾ ಅಂತ ಕೇಳಿದ್ರ ಅಕ್ಕನ ಮಾರಿ ನೋಡ್ತಾಳ, ಅಕ್ಕ ಇಬ್ಬರ ಹೆಸರೂ ತಾನೇ ಹೇಳಿ ಮುಗಿಸ್ತಾಳ. ಆದ್ರ ಯುಕೆಜಿ ಇದ್ದಾಗ ಒಂದಿನ ದೊಡ್ಡಾಕಿಗಿ ಜ್ವರ ಬಂದು ಸಣ್ಣಾಕಿ ಒಬ್ಬಾಕಿನೇ ಹೋಗಿದ್ಳು. ಮಧ್ಯಾಹ್ನ ಕರಕೊಂಡು ಬರ್ಲಾಕ ಹೋದ್ರ ಡಬ್ಬಿ ಮುಚ್ಚಳ ತೆಗೆದಿದ್ದಿಲ್ಲ. ಅಕ್ಕ ಕೂಡೋ ಜಾಗಾದಾಗ ತನ್ನ ಬ್ಯಾಗ್ ಇಟ್ಟು ಯಾರಿಗೂ ಕೂಡ್ಲಾಕ ಬಿಟ್ಟಿದ್ದಿಲ್ಲ. ಅತ್ತಿ “ದೇವರು ಜೋಡಿ ಮಾಡಿ ಕೊಟ್ಟದ್ದು ನೀವ್ಯಾಕ ಅಗಲಸ್ತೀರಿ” ಅಂತಾರ. ಮನಿಯವರು “ನಿನಗ ಹ್ಯಾಂಗ ತಿಳಿತದ ಹಂಗ ಮಾಡು” ಅಂದು ಡ್ಯೂಟಿಗಿ ಹೋಗ್ತಾರ. ಸೋಮವಾರದ ಒಳಗ ಹೇಳಬೇಕು. ನೀವೇ ಜವಳಿ ಇದ್ರ, ಇಲ್ಲಾ ಜವಳಿ ಹೆತ್ತಿದ್ರ, ನಿಮ್ಮಲ್ಲಿ ಏನ್ ಮಾಡಿದ್ರಿ, ಏನಾಯ್ತು ಹೇಳ್ರಿ.

ಹುಮನಾಬಾದ್ ತಮ್ಮ:
ಅಕ್ಕಾ, ನಾನೇ ಜವಳಿ. ನಮ್ಮ ಅಣ್ಣ ನನಕಿಂತ 7 ನಿಮಿಷ ದೊಡ್ಡವ. ಒಂದನೇತ್ತಾದಿಂದ ಹತ್ತನೇತ್ತಾ ತನ ಒಂದೇ ಬೆಂಚು. ಅಪ್ಪ ಒಂದೇ ಥಾನಿನ ಬಟ್ಟಿ ಹರಿಸಿ ಇಬ್ಬರಿಗೂ ಅಂಗಿ ಹೊಲಿಸ್ತಿದ್ದ. ಊರಾಗ ನಮಗ ಹೆಸರೇ ಇದ್ದಿಲ್ಲ. “ಏ ಜೋಡಿ” ಅಂತಿದ್ರು. ನಾ ಒಬ್ಬನೇ ಹೊಂಟಾಗೂ “ಜೋಡಿ, ಎಲ್ಲಿಗಿ?” ಅನ್ನೋರು.

ಏಳನೇತ್ತಾದಾಗ ಒಂದಿನ ಅಣ್ಣ ಲೆಕ್ಕ ಮಾಡಿಕೊಂಡು ಬಂದಿದ್ದಿಲ್ಲ. ಮಾಸ್ತರು ಬಂದು ನನ್ನ ಕೈ ಹಿಡಿದು ಎಳೆದ್ರು. “ಸರ್, ನಾ ಅಲ್ಲ, ಅವ” ಅನ್ನಬಹುದಿತ್ತು. ಅನ್ನಲಿಲ್ಲ. ಹುಣಸಿ ಬರಲು, ಎಡಗೈ ಮ್ಯಾಲೆ ನಾಕು. ಅಣ್ಣ ಬಾಜೂಕ ತಲಿ ತಗ್ಗಿಸಿ ಕುಂತಿದ್ದ, ಅವನೂ ಬಾಯಿ ಬಿಡಲಿಲ್ಲ. ಅವತ್ತೇ ನನಗ ತಿಳೀತು, ನನ್ನ ತಪ್ಪಿಗೂ ನಾನೇ ಹೊಡಿಸಿಕೊಳ್ಳಬೇಕು, ಅವನ ತಪ್ಪಿಗೂ ನಾನೇ.

ಪಿಯುಸಿಗಿ ಅವ ಕಲಬುರಗಿ ಸೈನ್ಸ್, ನಾ ಬೀದರ್ ಕಾಮರ್ಸ್. ಮೊದಲನೇ ದಿನ ಮೆಸ್‌ನ್ಯಾಗ ನಾ ಎರಡು ತಾಟು ತಗೊಂಡು ಬಂದು ಕುಂತೀನಿ. ಎದುರಿಗಿ ಯಾರೂ ಇಲ್ಲ. ಆ ಎರಡನೇ ತಾಟು ಹಂಗೇ ಇಟ್ಟು ಎದ್ದು ಬಂದೆ. ಮೂರು ವಾರಕ್ಕ ಊರಿಗಿ ಓಡಿ ಬಂದೆ. ರೂಮಿನ ಅಡ್ವಾನ್ಸ್ 6,000 ಹೋಯ್ತು, ಕಟ್ಟಿದ ಫೀ 11,400 ಹೋಯ್ತು, ವರ್ಷ ಹೋಯ್ತು. ಅಣ್ಣ ಇವತ್ತಿಗೂ ನನಕಿಂತ ಒಂದು ವರ್ಷ ಮುಂದ ಇದ್ದಾನ. ನೌಕರಿ, ಮದುವಿ, ಮನಿ ಸಾಲ, ಎಲ್ಲಾದ್ರಾಗೂ. ಬ್ಯಾರೆ ಮಾಡ್ರಿ ಅಕ್ಕಾ. ಆರಕ್ಕ ಅಗಲಿಸಿದ್ರ ಆರು ದಿನ ಅಳತಾವ, ಅಷ್ಟೇ.

ಶಹಾಪುರ ಅಕ್ಕ:
ತಮ್ಮಾ, ನಿನ್ನ ನೋವು ನಿನಗ. ಆದ್ರ “ಆರು ದಿನ ಅಳತಾವ” ಅಂತ ಸುಮ್ ಸುಮ್ನೆ ಬರೀಬ್ಯಾಡ. ನಾ ಬ್ಯಾರೆ ಮಾಡಿದಾಕಿ. ಹನ್ನೊಂದು ವರ್ಷ ಆಯ್ತು, ಇನ್ನಾ ಅಳ್ಲಕತ್ತೀನಿ.

ನನ್ನವು ಎರಡೂ ಗಂಡು. ಟೀಚರು “ಯಾರನ್ನ ಎ ಸೆಕ್ಷನ್‌ಗೆ ಬರ್ಕೊಳ್ಲಿ?” ಅಂತ ಪೆನ್ನು ಹಿಡಿದು ಕುಂತಿದ್ರು. ನಾ ವಿಚಾರ ಮಾಡಿದ್ದಿಲ್ಲ. ನನ್ನ ಬಲಗಡಿ ನಿಂತವನ ಹೆಗಲ ಮ್ಯಾಲೆ ಕೈ ಇಟ್ಟು ಮುಂದ ಸರಿಸಿದೆ. ಅಷ್ಟೇ ನಾ ಮಾಡಿದ್ದು. ಎ ಸೆಕ್ಷನ್‌ಗೆ ಕಾಯಂ ಟೀಚರು, ಐದು ವರ್ಷ ಅವರೇ. ಬಿ ಸೆಕ್ಷನ್‌ಗೆ ಅತಿಥಿ ಶಿಕ್ಷಕಿ, ಆಗಸ್ಟ್‌ನ್ಯಾಗ ಬಂದಾಕಿ ಜನವರಿಗಿ ಬಿಟ್ಟು ಹೋದ್ಳು. ಮರುವರ್ಷ ಮತ್ತೊಬ್ಬರು. ಬಿ ಸೆಕ್ಷನ್‌ದವಗ ಗಣಿತ ಟ್ಯೂಷನ್ ಹಚ್ಚಿದೆ, ತಿಂಗಳಿಗಿ 1,500ರಂಗ ಮೂರು ವರ್ಷ, 54,000 ರೂಪಾಯಿ. ಒಬ್ಬನಿಗೇ ಹಚ್ಚಿದ್ರ ಇನ್ನೊಬ್ಬ “ನನಗ್ಯಾಕ ಇಲ್ಲ” ಅಂತ ಜಗಳ. ಪಿಟಿ ದಿನ ಬ್ಯಾರೆ ಬ್ಯಾರೆ, ಒಬ್ಬಂದು ಬುಧವಾರ, ಒಬ್ಬಂದು ಶನಿವಾರ, ಬೂಟು ತೊಳಿಯೂದೇ ತೊಳಿಯೂದು.

ಐದನೇತ್ತಾದಾಗ ವಸತಿ ಶಾಲೆ ಪ್ರವೇಶ ಪರೀಕ್ಷಾ ಇಬ್ಬರೂ ಬರದ್ರು. ಎ ದವ ಪಾಸು. ಬಿ ದವ 3 ಮಾರ್ಕಿನ್ಯಾಗ ಹೋದ. ಟ್ರಂಕ್ ತುಂಬೂ ದಿನ ಅವನೇ ಅಣ್ಣನ ಅಂಗಿ ಮಡಚಿ ಕೊಟ್ಟ. ರಾತ್ರಿ ನನ್ನ ಬಾಜೂಕ ಮಲಗಿ ಕೇಳಿದ, “ಅವ್ವಾ, ಅವತ್ತ ನಾ ಬಲಗಡಿ ನಿಂತಿದ್ರ?” ಅವನಿಗಿ ನೆನಪಿತ್ತು. ಇದಕ್ಕ ಯಾರರ ಉತ್ತರ ಕೊಡ್ರಿ ನನಗ.

ಬಸವಕಲ್ಯಾಣ ಅಪ್ಪ:
ಇಷ್ಟೆಲ್ಲಾ ಯಾಕ ಅಂಜಸ್ತೀರಿ? ನಮ್ಮಲ್ಲೂ ಜವಳಿ. ಮಗ, ಮಗಳು. ಒಂದೇ ಸೆಕ್ಷನ್, ಒಂದೇ ಬೆಂಚು, ಹತ್ತನೇತ್ತಾ ತನ. ಮಗಳಿಗಿ ಶೇ 94, ಮಗಗ ಶೇ 91. ಒಂದೇ ಸೆಟ್ ಗೈಡ್ ತಂದ್ರ ಇಬ್ಬರಿಗೂ ಆಗ್ತಿತ್ತು. ಮಗ ಬರೀದಿದ್ರ ಮಗಳು ಮನಿಗಿ ಬಂದು ಹೇಳ್ತಿದ್ಳು. ಜವಳಿ ಮಕ್ಕಳನ್ನ ಹ್ಯಾಂಗ ಬೆಳಸಬೇಕು ಅನ್ನೂದು ನನಗ ಗೊತ್ತದ. ಜೋಡಿ ಇಡ್ರಿ, ಚಿಂತಿ ಬಿಡ್ರಿ.

ವಾಡಿ ಸಿಸ್ಟರ್:
ಅಣ್ಣೋರೆ, ಒಂದು ಗಂಡು ಒಂದು ಹೆಣ್ಣು ಇದ್ದ ಮ್ಯಾಲೆ ಅವು ಒಂದೇ ರೂಪದ ಜವಳಿ ಅಲ್ರಿ. ಅಲ್ಲಿ ಎರಡು ಅಂಡಾಣು. ಒಂದೇ ಬಸಿರಿನ್ಯಾಗ ಬೆಳೆದ ಅಕ್ಕ ತಮ್ಮ ಅವು. ಒಂದೇ ಅಂಡಾಣು ಫಲಿಸಿ, ಆಮ್ಯಾಲೆ ಒಡೆದು ಎರಡಾದ್ರ ಎರಡೂ ಗಂಡು ಇಲ್ಲಾ ಎರಡೂ ಹೆಣ್ಣು. ಸಾವಿರ ಹೆರಿಗ್ಯಾಗ ಮೂರೋ ನಾಕೋ ಇಂಥವು. ನಿಮ್ಮ ಮಗಳನ್ನ ನೋಡಿ ಯಾರೂ ನಿಮ್ಮ ಮಗನ ಹೆಸರು ಕರೆದಿಲ್ಲ. ನಿಮಗ ನಮ್ಮ ಸಂಕಟ ತಿಳಿಯೂದಿಲ್ಲ.

ನಾ ದವಾಖಾನ್ಯಾಗ ನೌಕರಿ ಮಾಡಾಕಿ, ನನಗೂ ಒಂದೇ ರೂಪದ ಹೆಣ್ಣು ಎರಡು. ಸ್ಕ್ಯಾನಿಂಗ್‌ನ್ಯಾಗ ಮಾಸು ಒಂದೇ ಅದ ಅಂದಾಗಲೇ ನನ್ನ ಎದಿ ಧಸಕ್ ಅಂತು. ಒಂದೇ ಮಾಸಿನಿಂದ ಇಬ್ಬರಿಗೂ ರಕ್ತ ಹೋಗಬೇಕು. ಒಂದು ಕೂಸು ಹೆಚ್ಚು ಎಳಕೊಂಡ್ರ ಇನ್ನೊಂದು ಒಣಗ್ತದ. ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್, ಒಂದಕ್ಕ 1,400, ಒಟ್ಟು ಒಂಬತ್ತು, 12,600. 33 ವಾರಕ್ಕ ಹೈದರಾಬಾದಿಗಿ ಓಡಿದ್ವಿ. ದೊಡ್ಡದು 1.9 ಕೆಜಿ, ಸಣ್ಣದು 1.3. ಸಣ್ಣದು ಎನ್‌ಐಸಿಯುದಾಗ, ಅಂದ್ರ ಹಸುಗೂಸಿನ ಐಸಿಯುದಾಗ, 23 ದಿನ, ದಿನಕ್ಕ 9,000. ಕೂಡಿಸಿ ನೋಡ್ರಿ, 2,07,000. ಔಷಧ ಬ್ಯಾರೆ, ಇವರು ಲಾಡ್ಜ್‌ನ್ಯಾಗ ಇದ್ದದ್ದು ಬ್ಯಾರೆ. ಅವ್ವ ಹಾಕಿದ 4 ತೊಲಿ ಪಾಟ್ಲಿ ಅಲ್ಲೇ ಕರಗಿದ್ವು. ಊರಿಗಿ ಬಂದ್ರ ನಮ್ಮತ್ತಿ, “ಬಸುರಿ ಇದ್ದಾಗ ಜೋಡಿ ಬಾಳಿಹಣ್ಣು ತಿಂದಿದ್ಳು” ಅಂತ ಬಂದವರಿಗೆಲ್ಲಾ ಹೇಳಿದ್ರು. ಒಂದೇ ರೂಪದ ಜವಳಿ ಆಗೂದು ತಿನ್ನೂದರಿಂದ ಅಲ್ಲ, ವಂಶದಿಂದಲೂ ಅಲ್ಲ. ತಾಯಿ ಕಡಿಂದ ಬರೂದು ಎರಡು ಅಂಡಾಣುವಿಂದು. ಇದನ್ನ ಹೇಳಿ ಹೇಳಿ ನನ್ನ ಗಂಟಲು ಹರೀತು.

ಒಂದು ರಾತ್ರಿ ಕರೆಂಟ್ ಇಲ್ಲ, ಎರಡಕ್ಕೂ ಜ್ವರ. ಒಂದಕ್ಕ ಡ್ರಾಪ್ಸ್ ಹಾಕಿದೆ, ಮಲಗಿಸಿದೆ, ಇನ್ನೊಂದು ಎತ್ತಿಕೊಂಡೆ, ಹಾಕಿದೆ. ಬಾಯಿ ಒರೆಸುವಾಗ ತುಟಿ ಇನ್ನಾ ಸಿಹಿ ಅಂಟು ಇತ್ತು. ಮೊದಲಿನದೇ ಕೂಸು! ಅದಕ್ಕೇ ಎರಡು ಸಲ ಹಾಕಿದ್ದೆ. ಬೆಳತನಕ ಮೊಳಕಾಲ ಮ್ಯಾಲೆ ಇಟ್ಟುಕೊಂಡು ಉಸಿರು ಎಣಿಸಿದೆ. ಮರುದಿನ ಸಣ್ಣದಕ್ಕ ಕರಿ ದಾರ ಕಟ್ಟಿದೆ. ಎರೆಯುವಾಗ ದಾರ ಬಿಚ್ಚಿ ಹೋದ ದಿನ ಹಿಮ್ಮಡ ತಿರುಗಿಸಿ ನೋಡ್ತಿದ್ದೆ. ಎನ್‌ಐಸಿಯುದಾಗ ರಕ್ತ ತೆಗೆದ ಸೂಜಿ ಗುರ್ತು, ಸಾಸಿವಿಕಾಳಿನಷ್ಟು ಬಿಳಿ ಚುಕ್ಕಿ, ಮೂರು. ಅದೇ ನನ್ನ ಸಣ್ಣಾಕಿ. ಈಗ 9 ವರ್ಷ, ಇಬ್ಬರೂ ಒಂದೇ ಸೆಕ್ಷನ್. ಅಷ್ಟು ಕಷ್ಟಪಟ್ಟು ಜೋಡಿ ಉಳಿಸಿಕೊಂಡದ್ದು, ಸಾಲಿಯವರು ಹೇಳಿದ್ರು ಅಂತ ನಾ ಬಿಡಿಸೂದಿಲ್ಲ.

ಬಸವಕಲ್ಯಾಣ ಅಪ್ಪ:
ಸಿಸ್ಟರ್, ನಾ ಇಲ್ಲಿ ಪರೀಕ್ಷಾ ಬರೀಲಾಕ ಬಂದಿಲ್ಲ, ಅನುಭವ ಹೇಳಿದೆ. ಎರಡು ಕೂಸು ಒಮ್ಮೆಲೆ ಅತ್ರ ಎರಡೂ ಒಂದೇ ಥರ ಅಳತಾವ. ನನ್ನ ಮನ್ಯಾಗೂ ನಿದ್ದಿ ಇದ್ದಿಲ್ಲ. ಜವಳಿ ಅಂದ್ರ ಜವಳಿನೇ.

ಬೀದರ್ ತಂಗಿ:
ಸೆಕ್ಷನ್ ಮಾತು ಬಿಡ್ರಿ, ನಮ್ಮ ಮದುವಿ ಕೇಳ್ರಿ. ನಾವು ಅಕ್ಕ ತಂಗಿ, ಗುರ್ತು ಹಿಡಿಯೂದು ಅವ್ವ ಒಬ್ಬಾಕಿನೇ. ನನ್ನ ನೋಡ್ಲಾಕ ಬಂದಾಗ ಅಕ್ಕ ಚಹಾ ಕೊಟ್ಟಳು, ನಾ ಅವಲಕ್ಕಿ ಕೊಟ್ಟೆ. ಹುಡುಗನ ಸೋದರಮಾವ ನಕ್ಕು, “ಇದ್ರಾಗ ಯಾವುದು ಕೊಟ್ರೂ ನಡೀತದ” ಅಂದ. ಎಲ್ಲಾರೂ ನಕ್ಕರು. ನಾ ತಟ್ಟಿ ಹಿಡಕೊಂಡು ನಿಂತೇ ಇದ್ದೆ.

ಇಬ್ಬರ ಮದುವಿ ಒಂದೇ ಹಂದರದಾಗ ಮಾಡಿದ್ರ ಖರ್ಚು ಅರ್ಧ ಅಂತ ಅಪ್ಪಂದು ಲೆಕ್ಕ. ಅರ್ಧ ಆಗಲಿಲ್ಲ. ಬೀಗರು ಎರಡು ಕಡೆಯವರು, 600 ಮಂದಿ ಅಂದವರು 1,100 ಬಂದ್ರು. ಎರಡನೇ ಪಂಕ್ತಿಗಿ ಹುಗ್ಗಿ ಮುಗೀತು, ಮತ್ತೊಂದು ಕ್ವಿಂಟಲ್ ಗೋಧಿ ತರಿಸಿದ್ರು. ಒಬ್ಬ ಬೀಗರು 5 ತೊಲಿ ಅಂದ್ರ ಇನ್ನೊಬ್ಬರು ನಮಗೂ 5 ಆಗಬೇಕು ಅಂದ್ರು. ಬಸವನ ಬಾಗೇವಾಡಿ ಕಡಿಂದ ತಂದ ಎತ್ತಿನ ಜೋಡಿ ಮಾರಿದ ಅಪ್ಪ.

ಆಮ್ಯಾಲೆ ಅಲ್ಬಮ್ ಬಂತು. ನನ್ನ ಅಲ್ಬಮ್‌ನ್ಯಾಗ ನಾಕು ಫೋಟೋ ಅಕ್ಕಂದು. ಅಕ್ಷತಿ ಬೀಳುವಾಗ ಕಣ್ಣು ಮುಚ್ಚೂದು ಆಕಿ, ನಾ ಮುಚ್ಚೂದಿಲ್ಲ. ಒಂಬತ್ತು ವರ್ಷ ಆಯ್ತು, ನಮ್ಮ ಮನಿಯವರು ಬಂದವರಿಗೆಲ್ಲಾ ಆ ಅಲ್ಬಮ್ ತೋರಸ್ತಾರ. ಅವರಿಗಿ ಗೊತ್ತಾಗಿಲ್ಲ. ನಾನೂ ಹೇಳಿಲ್ಲ. ಅವ್ವಾರೆ, ಸೆಕ್ಷನ್ ಏನರ ಮಾಡ್ರಿ, ಬಟ್ಟಿ ಒಂದೇ ತೊಡಸಬ್ಯಾಡ್ರಿ. ಒಂದೇ ಥರ ಜಡಿ ಹಾಕಬ್ಯಾಡ್ರಿ.

ಯಾದಗಿರಿ ತೊಗರಿ:
ಜಡಿ, ಅಂಗಿ ಎಲ್ಲಾ ದೊಡ್ಡ ವಿಷಯ ಅಲ್ಲ. ಕಾಗದ ನೋಡಿಕೊಳ್ರಿ, ಕಾಗದ! ನನ್ನ ಹುಡುಗೂರಿಗಿ 5 ತುಂಬಿದ ಮ್ಯಾಲೆ ಆಧಾರ್‌ಗೆ ಬೆರಳು ಕೊಡಿಸ್ಲಾಕ ಕರಕೊಂಡು ಹೋದೆ. ಸಾಲಿನ್ಯಾಗ ನಿಂತಾಗ ಇವನ ಚೀಟಿ ಅವನ ಕೈಯಾಗ ಕೊಟ್ಟೆ. ತಪ್ಪು ನಂದೇ. ದೊಡ್ಡವನ ನಂಬರಿಗಿ ಸಣ್ಣವನ ಬೆರಳು ಕುಂತವು. ಎಂಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆಮ್ಯಾಲೆ ಎಲ್ಲಿ ಬೆರಳು ಇಟ್ರೂ ಹೊಂದಾಣಿಕಿ ಇಲ್ಲ.

ಅದು ಸರಿ ಮಾಡಿಸಿದ್ನಿಲ್ಲೋ, ನಮ್ಮ ಕಲ್ಯಾಣ ಕರ್ನಾಟಕದವರಿಗಿ ಸೀಟು, ನೌಕರಿ ಮೀಸಲಾತಿ ಕೊಡೋ 371ಜೆ ಪ್ರಮಾಣಪತ್ರಕ್ಕ ಇಬ್ಬರದೂ ಅರ್ಜಿ ಹಾಕಿದೆ. ಒಬ್ಬಂದು ಬಂತು. ಇನ್ನೊಬ್ಬಂದು “ಒಂದೇ ಅರ್ಜಿ ಎರಡು ಸಲ” ಅಂತ ತಿರುಗಿ ಬಂತು. ತಂದಿ ಒಬ್ಬನೇ, ಹುಟ್ಟಿದ ತಾರೀಖು ಒಂದೇ, ಹೆಸರಿನ ಮೊದಲನೇ ಅಕ್ಷರ ಒಂದೇ, ಫೋಟೋ ಅಂತೂ ಒಂದೇ. ಇಬ್ಬರನ್ನೂ ಕರಕೊಂಡು ಹೋಗಿ ಟೇಬಲ್ ಮುಂದ ನಿಲ್ಲಿಸಿದೆ. “ಕಂಪ್ಯೂಟರ್ ತಗೊಳ್ಳೂದಿಲ್ಲ” ಅಂದ್ರು. ತೊಗರಿ ರಾಶಿ ದಿನ ಅವು. ಹನ್ನೊಂದು ಸಲ ಅಡ್ಡಾಡಿದೆ. ಬಸ್ಸಿಗಿ ದಿನಕ್ಕ 160ರಂಗ 1,760. ನನ್ನ ಬದಲಿ ಆಳಿಗಿ ದಿನಕ್ಕ 400ರಂಗ 4,400. ಝೆರಾಕ್ಸು, ಅಫಿಡವಿಟ್ಟು 640. ಒಟ್ಟು 6,800. ಪತ್ರ ಕೈಗಿ ಬರೂದ್ರಾಗ ಸಣ್ಣವನ ಕೌನ್ಸೆಲಿಂಗ್ ಮೊದಲನೇ ಸುತ್ತು ಮುಗಿದಿತ್ತು. ಹೆಸರು ಇಡುವಾಗ ಒಂದೇ ಅಕ್ಷರದಿಂದ ಇಡಬ್ಯಾಡ್ರಿ ಅಂತ ಎಲ್ಲಾ ಜವಳಿ ತಂದಿ ತಾಯಿಗಿ ಕೈ ಮುಗಿದು ಹೇಳ್ತೀನಿ.

ಬಸವಕಲ್ಯಾಣ ಅಪ್ಪ:
ಒಂದೇ ರೂಪ ಇದ್ರ ಬೆರಳೂ ಒಂದೇ ಇರಬೇಕಲ್ಲ? ನಿಮಗ ಯಾಕ ಹೊಂದಲಿಲ್ಲ? ಸಿಸ್ಟರ್ ಈಗ ಹೇಳ್ಲಿ.

ವಾಡಿ ಸಿಸ್ಟರ್:
ಹೇಳ್ತೀನಿ. ಬೆರಳಿನ ಗೆರಿ ಹೊಟ್ಯಾಗ ಇದ್ದಾಗ ಮೂಡ್ತಾವ. ಕೂಸು ಹ್ಯಾಂಗ ಮಲಗ್ಯದ, ನೀರು ಎಷ್ಟದ, ಬೆರಳು ಎಲ್ಲಿ ತಾಕ್ತದ, ಎಲ್ಲಾ ಸೇರಿ ಗೆರಿ ಬದಲಾಗ್ತಾವ. ಒಂದೇ ರೂಪದ ಜವಳಿಗೂ ಬೆರಳು ಬ್ಯಾರೆ, ಕಣ್ಣಿನ ಪಾಪಿ ಸುತ್ತಿನ ಬಣ್ಣದ ಗೆರಿನೂ ಬ್ಯಾರೆ. ನನ್ನ ಫೋನ್ ಮಾರಿ ನೋಡಿ ಬೀಗ ತೆಗೀತದ, ದೊಡ್ಡಾಕಿ ಮಾರಿ ಹಾಕಿಟ್ಟೀನಿ, ಸಣ್ಣಾಕಿ ಎತ್ತಿದ್ರೂ ತೆರೀತದ. ಬೆರಳಿಗಿ ಮಾತ್ರ ತೆರಿಯೂದಿಲ್ಲ. ಬಂದು ನೋಡಿ ಹೋಗ್ರಿ.

ಆಳಂದ ಮಾಸ್ತರ:
ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವ, ಈಗ ನಿವೃತ್ತ. ಹುಮನಾಬಾದ್ ತಮ್ಮ ಬರೆದದ್ದು ಓದಿ ಮನಸ್ಸಿಗೆ ಬೇಸರವಾಯಿತು. 60 ಮಕ್ಕಳ ತರಗತಿಯಲ್ಲಿ ಒಂದೇ ಮುಖದ ಇಬ್ಬರು ಒಂದೇ ಅಂಗಿ ತೊಟ್ಟು ಕೂತರೆ ಮಾಸ್ತರ ಏನು ಮಾಡಬೇಕು? ಬೇಕೆಂದೇ ಹೊಡೆದದ್ದಲ್ಲ.

ನನ್ನ ಮಗಳ ಮಕ್ಕಳೂ ಜವಳಿ. ಮೂರು ವರ್ಷವಾದರೂ ನಮ್ಮ ಮಾತು ಬರಲಿಲ್ಲ, ತಮ್ಮಿಬ್ಬರದೇ ಒಂದು ಮಾತಿತ್ತು. ನೀರಿಗೆ “ಬುಂಯಿ”, ನನಗೆ “ತತ್ತ”, ಬಾಗಿಲು ತೆಗೆ ಅನ್ನಲು ಒಂದು ಸದ್ದು, ಅದನ್ನು ಬರೆಯಲು ಅಕ್ಷರವೇ ಇಲ್ಲ. ಒಬ್ಬಳು ಅಂದರೆ ಇನ್ನೊಬ್ಬಳು ನಗುತ್ತಿದ್ದಳು. ನಾವು ಹೊರಗಿನವರು. ಜವಳಿ ಮಕ್ಕಳಿಗೆ ಮಾತು ತಡವಾಗುವುದು ಹೆಚ್ಚು. ಒಬ್ಬರಿಗೊಬ್ಬರು ಇರುವಾಗ ದೊಡ್ಡವರ ಮಾತು ಅವರಿಗೆ ಅಷ್ಟು ಬೇಕಾಗುವುದಿಲ್ಲ. ಅವ್ವಾರೆ, ನಿಮ್ಮ ಸಣ್ಣಾಕಿಯನ್ನು ದಿನಕ್ಕೆ ಅರ್ಧ ತಾಸು ಒಬ್ಬಳನ್ನೇ ಕೂಡಿಸಿಕೊಂಡು ಮಾತಾಡಿಸಿ. ದೊಡ್ಡಾಕಿ ಆ ಹೊತ್ತು ಅಜ್ಜಿ ಹತ್ತಿರ ಇರಲಿ.

ಇನ್ನೊಂದು. ನೀವು ದೊಡ್ಡಾಕಿ ಅನ್ನುವವಳು ಮೊದಲು ಹುಟ್ಟಿದವಳೇ? ನಮ್ಮ ಹಿರಿಯರ ಲೆಕ್ಕದಲ್ಲಿ ಹಿಂದೆ ಬಂದದ್ದೇ ಹಿರಿಯದು. ಮೊದಲು ಒಳಗೆ ಹೋದದ್ದು ಕಡೆಗೆ ಹೊರಗೆ ಬರುತ್ತದೆ ಎನ್ನುತ್ತಿದ್ದರು.

ಬೀದರ್ ತಂಗಿ:
ಮಾಸ್ತರ್ರೇ, ಗರ್ಭ ಏನು ಜೋಳ ತುಂಬಿಡೋ ಹಗೇವಾ? ಒಂದೇ ಅಂಡಾಣು ಒಡೆದದ್ದು ಅಂತ ಸಿಸ್ಟರ್ ಮ್ಯಾಲೆ ಬರದಾರ. ಅದ್ರಾಗ ಮೊದಲು ಯಾವುದು, ಹಿಂದ ಯಾವುದು? ನಮ್ಮ ಅಜ್ಜಿನೂ ಇದೇ ಹೇಳಿ ನನ್ನ ಹಿರೇಮಗಳು ಮಾಡಿದ್ಳು. ಹಿರೇಮಗಳು ಅಂತ ಅಡಗಿ ನನಗ, ಸಾಲಿ ಅಕ್ಕಗ. 12 ನಿಮಿಷದ ಲೆಕ್ಕಕ್ಕ ನಾ ಹತ್ತನೇತ್ತಾಕ ನಿಂತೆ.

ಹುಮನಾಬಾದ್ ತಮ್ಮ:
ಮಾಸ್ತರ್ರೇ, ಗುರ್ತು ಸಿಗಲಿಲ್ಲ ಅಂದ್ರ ಹೆಸರು ಕೇಳಬೇಕಿತ್ತು. ಹೆಸರು ಕೇಳ್ಲಾಕ ಎಷ್ಟು ಹೊತ್ತು ಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಂನ್ಯಾಗ ಮಕ್ಕಳಿಗಿ ಹೊಡೆಯೂದು ನಿಷೇಧ ಮಾಡ್ಯಾರ. ನಮ್ಮ ಕಾಲಕ್ಕ ಅದು ಇದ್ದಿಲ್ಲ ಅಂತ ನಮ್ಮ ಕೈ ಕೈ ಅಲ್ಲೇನು?

ಆಳಂದ ಮಾಸ್ತರ:
ನಾನು ಹುಣಸೆ ಬರಲು ಹಿಡಿದವನಲ್ಲ ತಮ್ಮಾ. ಯಾರೋ ಮಾಡಿದ್ದಕ್ಕೆ ನನ್ನನ್ನು ನಿಲ್ಲಿಸಿ ಕೇಳಬೇಡ. ನಿನಗೆ ಆದದ್ದೂ ಅದೇ ಅಲ್ಲವೆ?

ಮನಶ್ಶಾಸ್ತ್ರ ಉಪನ್ಯಾಸಕಿ, ಕಲಬುರಗಿ:
ಚರ್ಚೆ ಎಲ್ಲೋ ಹೋಯಿತು. ನಾನೂ ಅವಳಿ, ನನಗೆ ಒಬ್ಬ ಸಹೋದರಿ. ನಮ್ಮನ್ನು ಒಂದನೆಯ ತರಗತಿಯಲ್ಲೇ ಬೇರೆ ಮಾಡಿದರು. ನನಗೆ ಅದು ವರವಾಯಿತು. ಮೊದಲ ಬಾರಿಗೆ ನನ್ನದೇ ಒಬ್ಬ ಗೆಳತಿ ಸಿಕ್ಕಳು, ಅವಳನ್ನು ಅಕ್ಕನಿಗೆ ಎರಡು ತಿಂಗಳು ತೋರಿಸಲೇ ಇಲ್ಲ. ಅಕ್ಕನನ್ನು ಕೇಳಿದರೆ ಆ ವರ್ಷವೆಲ್ಲ ಅಳುತ್ತಲೇ ಇದ್ದೆ ಎನ್ನುತ್ತಾಳೆ. ಬ್ರಿಟನ್ನಿನಲ್ಲಿ 1994ರಿಂದ 1996ರ ನಡುವೆ ಹುಟ್ಟಿದ ಅವಳಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಟೆಡ್ಸ್ ಎಂಬ ದೊಡ್ಡ ಅಧ್ಯಯನವಿದೆ. ಒಂದೇ ತರಗತಿಯಲ್ಲಿ ಕೂತವರಿಗೂ ಬೇರೆ ಕೂತವರಿಗೂ ಓದಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಶಾಲೆಯ ಒಂದೇ ನಿಯಮವನ್ನು ಎಲ್ಲ ಅವಳಿಗಳ ಮೇಲೆ ಹೇರಬಾರದು ಎಂದೇ ನನ್ನ ಅಭಿಪ್ರಾಯ.

ಶಹಾಪುರ ಅಕ್ಕ:
ಮೇಡಂ, ಬ್ರಿಟನ್ನಿನ್ಯಾಗ ಬಿ ಸೆಕ್ಷನ್‌ಗೂ ಟೀಚರು ಇರ್ತಾರ. ನಮ್ಮಲ್ಲಿ ಬಂದು ಎಣಿಸ್ರಿ.

ಅವಳಿ ಅವ್ವ, ಕಲಬುರಗಿ:
ಎಲ್ಲಾರಿಗೂ ಶರಣ್ರಿ. ರಾತ್ರಿ ಎಲ್ಲಾ ಕುಂತು ಓದೀನಿ. ಶಹಾಪುರ ಅಕ್ಕಾರೆ, ನಿಮ್ಮ ಮಾತು ತಲ್ಯಾಗ ಇಟ್ಟುಕೊಂಡು ಇವತ್ತ ಸಾಲಿಗಿ ಹೋಗಿ ಬಿ ಸೆಕ್ಷನ್ ಟೀಚರು ಕಾಯಂ ಏನು ಅಂತ ಮೊದಲು ಕೇಳಿದೆ. ಇಬ್ಬರೂ ಕಾಯಂ. ಬ್ಯಾರೆ ಸೆಕ್ಷನ್‌ಗೆ ಒಪ್ಪೀನಿ, ಆದ್ರ ಊಟಕ್ಕ ಇಬ್ಬರನ್ನೂ ಒಂದೇ ಕಡಿ ಬಿಡ್ತಾರ, ದಸರಾ ಸೂಟಿ ತನ ನೋಡಿ ಸಣ್ಣಾಕಿ ಸೋತ್ರ ತಿರುಗಿ ಕೂಡಿಸ್ತಾರ. ಇದನ್ನ ಚೀಟ್ಯಾಗ ಬರಸಿಕೊಂಡೀನಿ. ಯಾರು ಎ, ಯಾರು ಬಿ ಅನ್ನೂದು ನಾ ಹೇಳಲಿಲ್ಲ. ಅವೇ ಹೇಳ್ಲಿ ಅಂತ ಬಿಟ್ಟೆ. ದೊಡ್ಡಾಕಿ ಎ ಅಂದ್ಳು. ಸಣ್ಣಾಕಿ ಬಾಯಿ ಬಿಡಲಿಲ್ಲ, ಬಿ ರೂಮಿನ ಕಿಟಕಿ ಹಂತ್ಯಾಕ ಹೋಗಿ ಒಳಗ ನೋಡಿ ಬಂದ್ಳು. ಅಕ್ಕನ ರೂಮು ಅಲ್ಲಿಂದ ಕಾಣ್ತದ.

ಹುಮನಾಬಾದ್ ಅಣ್ಣ:
ಮ್ಯಾಲೆ ತಮ್ಮ ಅಂತ ಬರದಾನಲ್ಲ, ಅವ ನನ್ನ ತಮ್ಮ. 7 ನಿಮಿಷ, ಥಾನಿನ ಬಟ್ಟಿ, ಎರಡು ತಾಟು, ಬ್ಯಾರೆ ಯಾರೂ ಇರ್ಲಾಕ ಸಾಧ್ಯ ಇಲ್ಲ. ಎಲ್ಲಾ ಖರೇ ಬರದಾನ, ಒಂದು ಬಿಟ್ಟು. ಹುಣಸಿ ಬರಲಿನ ಏಟು ಬಿದ್ದದ್ದು ನನಗ. ಲೆಕ್ಕ ಮಾಡದೆ ಬಂದವ ನೀ. ತಲಿ ತಗ್ಗಿಸಿ ಕುಂತವ ನೀ. ಇಪ್ಪತ್ತು ವರ್ಷ ನಾ ಯಾರ ಮುಂದೂ ಆಡಿಲ್ಲ, ನಿನಗ ನೋವು ಆಗ್ತದ ಅಂತ.

ಹುಮನಾಬಾದ್ ತಮ್ಮ:
ಅಣ್ಣಾ, ಇಲ್ಲ. ಎಡಗೈ ನನ್ನದೇ. ಮೂರು ದಿನ ಪೆನ್ಸಿಲ್ ಡಬ್ಬಿ ಹಿಡಿಯಲಿಕ್ಕೆ ಆಗಿದ್ದಿಲ್ಲ.

ಮನಶ್ಶಾಸ್ತ್ರ ಉಪನ್ಯಾಸಕಿ, ಕಲಬುರಗಿ:
ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅವಳಿಗಳು ಒಂದೇ ಘಟನೆಯನ್ನು “ಇದು ನನಗೇ ಆದದ್ದು” ಎಂದು ಇಬ್ಬರೂ ನೆನೆಯುವುದನ್ನು ನ್ಯೂಜಿಲೆಂಡಿನ ಸಂಶೋಧಕರು 2001ರಲ್ಲೇ ದಾಖಲಿಸಿದ್ದಾರೆ. ನನಗೂ ಅಕ್ಕನಿಗೂ ಹೀಗೆ ಎರಡು ನೆನಪುಗಳ ಜಗಳವಿದೆ.

ಹುಮನಾಬಾದ್ ಅಣ್ಣ:
ಮೇಡಂ, ನಿಮ್ಮ ಪುಸ್ತಕ ಇರ್ಲಿ. ತಮ್ಮಾ, ಅವತ್ತ ರಾತ್ರಿ ಅವ್ವ ಕೊಬ್ಬರಿ ಎಣ್ಣಿ ಕಾಯಿಸಿ ತಂದು ಕೈ ತೋರಸು ಅಂದ್ಳು. ನಾವಿಬ್ಬರೂ ಎಡಗೈ ಚಾಚಿದ್ವಿ. ಆಕಿ ಯಾರು ಅಂತ ಕೇಳದೆ ಇಬ್ಬರಿಗೂ ಹಚ್ಚಿದ್ಳು. ಅದು ನೆನಪದ ಏನು ನಿನಗ?

ಹುಮನಾಬಾದ್ ತಮ್ಮ:
ಅದ. ಸಂಜಿಗಿ ಫೋನ್ ಹಚ್ತೀನಿ.